ಉಪ್ಪುನೀರಿನ ಈಜುಕೊಳ: ಐದು ವರ್ಷಗಳ ಬಳಕೆಯ ನಂತರ

ಬೆಂಗಳೂರಿನ ಹೊರವಲಯದಲ್ಲಿರುವ ನಮ್ಮ ಮನೆಯ ಸುಮಾರು 50,000 ಲೀಟರಿನ ಈಜುಕೊಳಕ್ಕೆ ಸಾಲ್ಟ್ ಕ್ಲೋರಿನೇಟರ್ (ಉಪ್ಪು ಬೆರೆಸಿದ ನೀರಿನಲ್ಲಿ ವಿದ್ಯುತ್ ಹಾಯಿಸಿ ಕ್ಲೋರಿನ್ ತಯಾರಿಸುವ ಉಪಕರಣ) ಅಳವಡಿಸಿ ಐದು ವರ್ಷ ದಾಟಿದೆ. ಉಪ್ಪು ಟೈಲ್ಸನ್ನೂ ಪಂಪನ್ನೂ ತಿಂದುಹಾಕುವುದಿಲ್ಲವೇ ಎಂದು ಕೇಳುವವರ ಮನಸ್ಸಿನಲ್ಲಿ ಸಾಮಾನ್ಯವಾಗಿ ಇರುವುದು ಸಮುದ್ರದ ನೀರು. ಸಮುದ್ರದಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿದ್ದರೆ ಇಂಥ ಕೊಳಕ್ಕೆ ಬೇಕಾಗುವುದು 3ರಿಂದ 3.5 ಗ್ರಾಂ ಮಾತ್ರ. ನಮ್ಮ ಕೊಳಕ್ಕೆ ಮೊದಲ ಬಾರಿ ಅಯೋಡಿನ್ ಬೆರೆಸದ ಉಪ್ಪನ್ನು ಸುಮಾರು 160 ಕಿಲೋದಷ್ಟು ಸುರಿದಿದ್ದೆವು. ಅಷ್ಟಕ್ಕೂ ದ್ರವ ಕ್ಲೋರಿನ್ ಹಾಕುವ ಕೊಳಗಳಲ್ಲಿಯೂ ಉಪ್ಪು ವರ್ಷದಿಂದ ವರ್ಷಕ್ಕೆ ಸೇರುತ್ತಲೇ ಹೋಗುತ್ತದೆ.

ನೀರಿನೊಳಗಿನ ಗಾಜಿನ ಮೊಸಾಯಿಕ್ ಟೈಲ್ಸಿಗಾಗಲಿ, ಅವುಗಳ ಸಂದಿನ ಎಪಾಕ್ಸಿ ಗ್ರೌಟಿಗಾಗಲಿ ಈವರೆಗೆ ಏನೂ ಆಗಿಲ್ಲ. ಹಾನಿ ಕಂಡದ್ದು ನೀರು ಚಿಮ್ಮಿ ಒಣಗುವ ಜಾಗದಲ್ಲಿ. ಕೊಳದ ಅಂಚಿಗೆ ಹಾಕಿಸಿದ ಸಾದರಹಳ್ಳಿ ಗ್ರಾನೈಟ್ ಹೇಗಿತ್ತೋ ಹಾಗೆಯೇ ಇದೆ. ಆದರೆ ಪಕ್ಕದ ಮರಳುಗಲ್ಲಿನ ಮೆಟ್ಟಿಲಿನ ಮೇಲ್ಪದರ ಬೆರಳಿನಿಂದ ಉಜ್ಜಿದರೆ ಪುಡಿಯಾಗಿ ಉದುರುತ್ತದೆ. ಕಲ್ಲಿನ ರಂಧ್ರಗಳಿಗೆ ಇಳಿದ ನೀರು ಆರಿದಾಗ ಉಪ್ಪು ಹರಳುಗಟ್ಟಿ ಒಳಗಿನಿಂದಲೇ ಕಲ್ಲನ್ನು ಸೀಳುತ್ತದೆ. ಈಜಿದ ಮೇಲೆ ಅಂಚಿಗೆಲ್ಲ ಸಿಹಿನೀರು ಹಾಯಿಸುವುದೇ ಇದಕ್ಕೆ ಅಗ್ಗದ ಮದ್ದು.

ಲೋಹದ ವಿಷಯದಲ್ಲಿ ಎಚ್ಚರ ಅಗತ್ಯ. ಗುತ್ತಿಗೆದಾರರು ಕೂಡಿಸಿದ್ದ 304 ದರ್ಜೆಯ ಸ್ಟೀಲ್ ಏಣಿಯಲ್ಲಿ, ನೀರಿನ ಮಟ್ಟದ ಸುತ್ತ ಮತ್ತು ಬೋಲ್ಟುಗಳ ಬುಡದಲ್ಲಿ, ಎರಡನೆಯ ವರ್ಷಕ್ಕೇ ಕಂದು ಚುಕ್ಕೆಗಳು ಮೂಡಿದವು. ಬದಲಿಗೆ ತಂದ 316 ದರ್ಜೆಯ ಏಣಿ ಇನ್ನೂ ಹೊಳೆಯುತ್ತಿದೆ. ಪ್ಲಾಸ್ಟಿಕ್ ಪಂಪು, ಪಿವಿಸಿ ಪೈಪು, ಮರಳಿನ ಫಿಲ್ಟರುಗಳಿಗೆ ತೊಂದರೆಯಾಗಿಲ್ಲ.

ನನ್ನ ಅನುಭವದಲ್ಲಿ ಉಪ್ಪಿಗಿಂತ ಹೆಚ್ಚು ಕಾಡುವುದು ಪಿಎಚ್, ಅಂದರೆ ನೀರಿನ ಆಮ್ಲ-ಕ್ಷಾರದ ಮಟ್ಟ. ಉಪಕರಣದ ಸೆಲ್‌ನಲ್ಲಿ (ವಿದ್ಯುತ್ ಹಾಯುವ ತಟ್ಟೆಗಳಿರುವ ಭಾಗ) ಕ್ಲೋರಿನ್ ಜೊತೆಗೇ ಹುಟ್ಟುವ ಹೈಡ್ರೋಜನ್ ಗುಳ್ಳೆಗಳು ನೀರಿನಲ್ಲಿ ಕರಗಿರುವ ಇಂಗಾಲದ ಡೈಆಕ್ಸೈಡನ್ನು ಹೊರದೂಡುವುದರಿಂದ ಪಿಎಚ್ ತಾನಾಗಿಯೇ ಏರುತ್ತದೆ. ನಮ್ಮದು ಗಡಸು ಬೋರ್‌ವೆಲ್ ನೀರಾದ್ದರಿಂದ ಆಗ ಸೆಲ್‌ನ ತಟ್ಟೆಗಳ ಮೇಲೆ ಪಾತ್ರೆಯ ತಳದಲ್ಲಿ ಕಟ್ಟುವಂಥ ಬಿಳಿ ಸುಣ್ಣ ಕೂರುತ್ತದೆ. ಪಿಎಚ್ ತಗ್ಗಿಸಲು ಆ್ಯಸಿಡ್ ಹಾಕಬೇಕು, ಆದರೆ ಅತಿಯಾದರೆ ಸಿಮೆಂಟ್ ಗ್ರೌಟ್ ಸವೆಯುತ್ತದೆ, ಹೀಟರಿನ ತಾಮ್ರ ಕರಗುತ್ತದೆ; ಇಂಥ ಹಾನಿಯನ್ನೂ ಜನ ಉಪ್ಪಿನ ತಲೆಗೇ ಕಟ್ಟುತ್ತಾರೆ. ವಾರಕ್ಕೊಮ್ಮೆ ಪರೀಕ್ಷಿಸಿ 7.4ರಿಂದ 7.6ರೊಳಗೆ ಇರಿಸಿಕೊಳ್ಳಲು ಸಾಧ್ಯವಿಲ್ಲದವರಿಗೆ ಈ ಉಪಕರಣವನ್ನು ನಾನು ಶಿಫಾರಸು ಮಾಡಲಾರೆ.

ಕಣ್ಣುರಿ ಕಡಿಮೆಯಾಗಿದೆ, ಕ್ಲೋರಿನ್ ಡಬ್ಬಗಳನ್ನು ಹೊತ್ತು ತರುವ ಕೆಲಸ ತಪ್ಪಿದೆ. ಆದರೆ ಸೆಲ್‌ನ ಟೈಟೇನಿಯಂ ತಟ್ಟೆಗಳಿಗೆ ಬಳಿದ ರುಥೇನಿಯಂ ಲೇಪನ ಸವೆಯುವಂಥದ್ದೇ. ನಮ್ಮ ಸೆಲ್ ಈ ವರ್ಷ ಮೊದಲಿನಷ್ಟು ಕ್ಲೋರಿನ್ ಕೊಡುತ್ತಿಲ್ಲ. ಹೊಸದಾಗಿ ಕೊಳ್ಳುವವರು ಉಪಕರಣದ ದರದ ಜೊತೆಗೆ ಬದಲಿ ಸೆಲ್‌ನ ದರವನ್ನೂ ಕೊಟೇಶನ್ನಿನಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು.