ಸೆಕೆಂಡ್ ಹ್ಯಾಂಡ್ ಫೋನ್, ಲ್ಯಾಪ್‌ಟಾಪ್: ಬಾಕ್ಸು, ಬಿಲ್ಲು ನೋಡಿ ದುಡ್ಡು ಕೊಡಬೇಡಿ

ಆನ್‌ಲೈನ್ ಜಾಹೀರಾತು ನೋಡಿ, ಮೆಟ್ರೊ ಸ್ಟೇಷನ್ ಹತ್ತಿರ ಭೇಟಿಯಾಗಿ, ದುಡ್ಡು ಕೊಟ್ಟು ತಂದ ಫೋನ್ ಒಂದೆರಡು ವಾರ ಚೆನ್ನಾಗಿಯೇ ನಡೆಯುತ್ತದೆ. ಒಂದು ದಿನ ಬೆಳಿಗ್ಗೆ ನೋಡಿದರೆ ನೆಟ್‌ವರ್ಕ್ ಇಲ್ಲ. ಬೇರೆ ಕಂಪನಿಯ ಸಿಮ್ ಹಾಕಿದರೂ ಇಲ್ಲ, ವೈಫೈ ಮಾತ್ರ ಬರುತ್ತದೆ. ಅದರ ಹಿಂದೆಯೇ ಯಾವುದೋ ಜಿಲ್ಲೆಯ ಪೊಲೀಸ್ ಠಾಣೆಯಿಂದ ಕರೆ: "ನೀವು ಬಳಸ್ತಿರೋ ಫೋನ್ ಕಳವಾಗಿದ್ದು, ತಂದು ಒಪ್ಪಿಸಿ." ಮಾರಿದವನ ನಂಬರ್ ಅಷ್ಟರಲ್ಲಿ ಸ್ವಿಚ್ ಆಫ್ ಆಗಿರುತ್ತದೆ.

ಹೀಗಾಗುವುದು ಸಿಇಐಆರ್ ವ್ಯವಸ್ಥೆಯಿಂದ, ಅಂದರೆ ಕಳವಾದ ಫೋನ್‌ಗಳನ್ನು ಬ್ಲಾಕ್ ಮಾಡುವ ಕೇಂದ್ರ ಸರ್ಕಾರದ ವ್ಯವಸ್ಥೆಯಿಂದ. 2023ರ ಮೇ ತಿಂಗಳಲ್ಲಿ ಬಂದ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ಇದು ದೇಶಕ್ಕೆಲ್ಲ ಸಿಗುತ್ತದೆ. ಫೋನ್ ಕಳೆದುಕೊಂಡವರು ಠಾಣೆಯಲ್ಲಿ ದೂರು ಕೊಟ್ಟು, ಪೋರ್ಟಲ್‌ನಲ್ಲಿ ಅದರ ಪ್ರತಿ ಹಾಕಿ ಐಎಂಇಐ (ಫೋನಿನ ಗುರುತಿನ) ನಂಬರ್ ದಾಖಲಿಸಿದರೆ 24 ಗಂಟೆಯೊಳಗೆ ಆ ಫೋನ್ ಎಲ್ಲ ಕಂಪನಿಗಳ ನೆಟ್‌ವರ್ಕ್‌ನಲ್ಲೂ ಬ್ಲಾಕ್ ಆಗುತ್ತದೆ. ಆಮೇಲೆ ಯಾರು ಸಿಮ್ ಹಾಕಿದರೂ ಅದರ ಮಾಹಿತಿ ಪೊಲೀಸರಿಗೆ ಹೋಗುತ್ತದೆ. ಆ ಸಿಮ್ ನಿಮ್ಮ ಹೆಸರಿನದು, ಕದ್ದವನದಲ್ಲ.

ಆದ್ದರಿಂದ ಮೊದಲ ಕೆಲಸ, ಫೋನ್ ನಿಮ್ಮ ಕೈಗೆ ತೆಗೆದುಕೊಂಡು *#06# ಒತ್ತುವುದು. 15 ಅಂಕಿಯ ಐಎಂಇಐ ನಂಬರ್ ಬರುತ್ತದೆ. ಎರಡು ಸಿಮ್‌ನ ಫೋನಾದರೆ ಎರಡು ನಂಬರ್. ಎರಡನ್ನೂ ಪರೀಕ್ಷಿಸಿ. ಇಂಗ್ಲಿಷ್ ಅಕ್ಷರಗಳಲ್ಲಿ ಕೆ, ವೈ, ಎಂ ಎಂದು ಬರೆದು, ಜಾಗ ಬಿಟ್ಟು ನಂಬರ್ ಹಾಕಿ 14422ಕ್ಕೆ ಎಸ್ಸೆಮ್ಮೆಸ್ ಕಳಿಸಿ. ಬ್ಲ್ಯಾಕ್‌ಲಿಸ್ಟ್, ಡೂಪ್ಲಿಕೇಟ್ ಅಥವಾ ಈಗಾಗಲೇ ಬಳಕೆಯಲ್ಲಿದೆ ಎಂಬ ಉತ್ತರ ಬಂದರೆ ಅಲ್ಲಿಂದ ಎದ್ದುಬಿಡಿ. ಬಾಕ್ಸ್ ಮೇಲಿನ ನಂಬರ್ ಓದಿ ಪರೀಕ್ಷಿಸಿದರೆ ಏನೂ ಪ್ರಯೋಜನವಿಲ್ಲ. ಬಾಕ್ಸು ಬೇರೆ ಫೋನಿನದಿರಬಹುದು, ಪಿಡಿಎಫ್ ಬಿಲ್ಲು ತಿದ್ದಿದ್ದಿರಬಹುದು. ಬಿಲ್ಲಿನಲ್ಲಿರುವ ಜಿಎಸ್‌ಟಿ ನಂಬರನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿ ಅಂಗಡಿಯ ಹೆಸರು ತಾಳೆಯಾಗುತ್ತದೋ ನೋಡಿ. ಕರ್ನಾಟಕದ ಅಂಗಡಿಯಾದರೆ ಆ ನಂಬರ್ 29ರಿಂದ ಶುರುವಾಗಬೇಕು.

ಇಷ್ಟೆಲ್ಲ ಸರಿಬಂದರೂ ಸಾಲದು. ನಿನ್ನೆ ರಾತ್ರಿ ಕಳವಾದ ಫೋನಿಗೆ ಇನ್ನೂ ದೂರೇ ದಾಖಲಾಗಿರುವುದಿಲ್ಲ, ಹಾಗಾಗಿ ಇವತ್ತು ಸರಿ ಎಂದೇ ಉತ್ತರ ಬರುತ್ತದೆ. ಇಂಥದ್ದನ್ನು ಹಿಡಿಯುವುದು ರೀಸೆಟ್. ಮಾರುವವರ ಕೈಯಿಂದಲೇ, ನಿಮ್ಮ ಕಣ್ಣೆದುರೇ, ಸೆಟ್ಟಿಂಗ್ಸ್ ಒಳಗಿನಿಂದ ಎಲ್ಲ ಅಳಿಸಲು ಹೇಳಿ. ಐಫೋನ್ ಆದರೆ ಪಾಸ್‌ಕೋಡ್ ಜತೆಗೆ ಆಪಲ್ ಖಾತೆಯ ಪಾಸ್‌ವರ್ಡ್ ಕೇಳುತ್ತದೆ. ನಿಜವಾದ ಮಾಲೀಕನಿಗೆ ಅದು ಗೊತ್ತಿರುತ್ತದೆ, ಕದ್ದವನು ಇಲ್ಲಿಯೇ ತಡವರಿಸುತ್ತಾನೆ: "ತಮ್ಮನ ಫೋನು", "ಪಾಸ್‌ವರ್ಡ್ ಮರೆತಿದೆ", "ಆಗಲೇ ರೀಸೆಟ್ ಮಾಡಿ ತಂದಿದೀನಿ". ಆಗಲೇ ರೀಸೆಟ್ ಆಗಿದ್ದರೆ ನಿಮ್ಮ ಹಾಟ್‌ಸ್ಪಾಟ್ ಕೊಟ್ಟು ಹೋಮ್ ಸ್ಕ್ರೀನ್ ಬರುವ ತನಕ ಸೆಟಪ್ ಮುಗಿಸಿ. ಲಾಕ್ ಇದ್ದರೆ ಐಫೋನ್ ಮಾಲೀಕರ ಖಾತೆಯನ್ನೇ ಕೇಳಿ ನಿಂತುಬಿಡುತ್ತದೆ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್‌ಗೆ ಹೋಗದೆ, ಬಟನ್ ಒತ್ತಿ ತೆರೆಯುವ ರಿಕವರಿ ಮೆನುವಿನಿಂದ ಅಳಿಸಿದ್ದರೆ ಹಳೆಯ ಗೂಗಲ್ ಖಾತೆ ಕೇಳುತ್ತದೆ. ಕಾಲು ಗಂಟೆ ಹಿಡಿಯಬಹುದು, ಹಿಡಿಯಲಿ. ಮೆಟ್ರೊ ಬಾಗಿಲಲ್ಲಿ ನಿಂತು ಅವಸರ ಮಾಡುವವರ ಹತ್ತಿರ ಕೊಳ್ಳಲೇಬೇಡಿ.

ಲ್ಯಾಪ್‌ಟಾಪ್‌ಗೆ ಐಎಂಇಐ ಪರೀಕ್ಷೆ ಇಲ್ಲದ್ದರಿಂದ ಅದು ಇನ್ನೂ ಕಷ್ಟ. ಪಿಜಿಯಿಂದ ಕದ್ದವು ಮಾತ್ರವಲ್ಲ, ಕೆಲಸ ಬಿಟ್ಟವರು ಕಂಪನಿಗೆ ವಾಪಸ್ ಕೊಡದೆ ಉಳಿಸಿಕೊಂಡವು, ಬಾಡಿಗೆಗೆ ತಂದು ಮಾರಿದವು ಕೂಡ ಇದೇ ಜಾಹೀರಾತುಗಳಲ್ಲಿ ಬರುತ್ತವೆ. ತಿರುಗಿಸಿ ಅಡಿಭಾಗ ನೋಡಿ: ಸ್ಟಿಕ್ಕರ್ ಕೆರೆದ ಆಯತಾಕಾರದ ಗುರುತು, ಅಂಚಿನಲ್ಲಿ ಧೂಳು ಹಿಡಿದ ಅಂಟು ಇದ್ದರೆ ಅಲ್ಲಿ ಆಫೀಸಿನ ಅಸೆಟ್ ಟ್ಯಾಗ್ (ಇದು ಕಂಪನಿಯ ಸ್ವತ್ತು ಎಂದು ಗುರುತಿಸುವ ನಂಬರ್) ಇದ್ದಿರಬಹುದು. ಆಮೇಲೆ ಬಯಾಸ್‌ಗೆ, ಅಂದರೆ ವಿಂಡೋಸ್‌ಗೂ ಮೊದಲು ತೆರೆಯುವ ಸೆಟ್ಟಿಂಗ್ಸ್ ಪುಟಕ್ಕೆ ಹೋಗಿ. ಆನ್ ಮಾಡುವಾಗ ಒತ್ತಬೇಕಾದ ಕೀ ಡೆಲ್‌ಗೆ ಎಫ್2, ಎಚ್‌ಪಿಗೆ ಎಫ್10, ಥಿಂಕ್‌ಪ್ಯಾಡ್‌ಗೆ ಎಫ್1. ಪಾಸ್‌ವರ್ಡ್ ಕೇಳಿದರೆ ಬೇಡ. ಒಳಗಿನ ಸೀರಿಯಲ್ ನಂಬರ್ ಅಡಿಭಾಗದ್ದಕ್ಕೆ ತಾಳೆಯಾಗಬೇಕು, ಅಸೆಟ್ ಟ್ಯಾಗ್ ಖಾಲಿ ಇರಬೇಕು. ಇನ್ನು ಕಂಪನಿ ತನ್ನ ಲ್ಯಾಪ್‌ಟಾಪ್‌ಗೆ ಹಾಕಿಟ್ಟ ಲಾಕ್ ಕಾಣಿಸುವುದು ಇಂಟರ್‌ನೆಟ್ ಸಿಕ್ಕಾಗ. ನೆಟ್ ಇಲ್ಲದೆ ವಿಂಡೋಸ್ ಹಾಕಿ ತಂದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ನೀವು ಮನೆಯಲ್ಲಿ ಮತ್ತೆ ರೀಸೆಟ್ ಮಾಡಿ ವೈಫೈ ಕೊಟ್ಟ ದಿನ ಯಾವುದೋ ಕಂಪನಿಯ ಲಾಗಿನ್ ಪುಟ ತೆರೆಯುತ್ತದೆ. ಮ್ಯಾಕ್‌ಬುಕ್‌ನಲ್ಲಿ ಅದು 'ರಿಮೋಟ್ ಮ್ಯಾನೇಜ್‌ಮೆಂಟ್' ಎಂದು ಬರುತ್ತದೆ. ಕಂಪನಿಯ ದಾಖಲೆ ಲ್ಯಾಪ್‌ಟಾಪ್‌ನ ಮದರ್‌ಬೋರ್ಡಿನ ಗುರುತಿಗೆ ಕಟ್ಟಿಕೊಂಡಿರುವುದರಿಂದ ಎಸ್‌ಎಸ್‌ಡಿ (ಒಳಗಿನ ಸ್ಟೋರೇಜ್) ಬದಲಿಸಿದರೂ ಲಾಕ್ ಹೋಗದು. ರೀಸೆಟ್ ನೆಟ್ ಕೊಟ್ಟೇ, ದುಡ್ಡು ಕೊಡುವ ಮೊದಲೇ ಆಗಲಿ.

ದುಡ್ಡನ್ನು ಯುಪಿಐನಲ್ಲಿ, ಮಾರುವವರ ಸ್ವಂತ ಖಾತೆಗೇ ಹಾಕಿ. ಗುರುತಿನ ಚೀಟಿಯ ಹೆಸರು, ಯುಪಿಐ ಹೆಸರು, ಬಿಲ್ಲಿನ ಹೆಸರು ಒಂದೇ ಇರಬೇಕು. ಐಎಂಇಐ ಬರೆದ ಒಂದು ಸಾಲಿನ ಮಾರಾಟದ ಚೀಟಿಗೆ ಸಹಿ ಹಾಕಿಸಿಕೊಳ್ಳಿ. ಜಾಹೀರಾತು, ಚಾಟ್ ಎರಡರ ಸ್ಕ್ರೀನ್‌ಶಾಟ್ ಅವತ್ತೇ ತೆಗೆದಿಡಿ. ಮಾರಾಟವಾದ ಮೇಲೆ ಜಾಹೀರಾತು ಮಾಯವಾಗುತ್ತದೆ.

ಕೊಂಡಾಗಿದೆ, ಈಗ ಕದ್ದದ್ದೆಂದು ತಿಳಿಯಿತು ಎನ್ನುವವರು ಅದನ್ನು ಇನ್ನೊಬ್ಬರಿಗೆ ದಾಟಿಸಬೇಡಿ, ಐಎಂಇಐ ಬದಲಿಸಿಕೊಡುತ್ತೇವೆ ಎನ್ನುವವರ ಹತ್ತಿರ ಹೋಗಲೇಬೇಡಿ. ಕದ್ದದ್ದೆಂದು ತಿಳಿದೂ ಇಟ್ಟುಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಡಿ ಮೂರು ವರ್ಷದವರೆಗೆ ಶಿಕ್ಷೆ ಆಗಬಹುದಾದ ಅಪರಾಧ. ಐಎಂಇಐ ತಿದ್ದಿದರೆ 2023ರ ದೂರಸಂಪರ್ಕ ಕಾಯ್ದೆಯಡಿ ಮೂರು ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ. ದುಡ್ಡು ಕೊಟ್ಟಿದ್ದೇನೆ ಎಂದ ಮಾತ್ರಕ್ಕೆ ವಸ್ತು ನಿಮ್ಮದಾಗುವುದಿಲ್ಲ, ಕದ್ದವನಿಂದ ಕೊಂಡವರಿಗೆ ಕಾನೂನು ಒಡೆತನ ಕೊಡುವುದಿಲ್ಲ. ಠಾಣೆಯಿಂದ ಕರೆ ಬಂದರೆ ಆ ಠಾಣೆಯ ನಂಬರ್ ನೀವೇ ಹುಡುಕಿ ವಾಪಸ್ ಕರೆ ಮಾಡಿ ಖಚಿತಪಡಿಸಿಕೊಳ್ಳಿ, ಹೇಳಿದ ವಿಳಾಸಕ್ಕೆ ಸುಮ್ಮನೆ ಕೊರಿಯರ್ ಮಾಡಬೇಡಿ. ಒಪ್ಪಿಸುವಾಗ ಐಎಂಇಐ ನಮೂದಿಸಿದ ಜಪ್ತಿ ಮಹಜರಿನ ಪ್ರತಿ ಅಥವಾ ಸ್ವೀಕೃತಿ ಕೇಳಿ ಪಡೆಯಿರಿ. ಮಾರಿದವನ ಮೇಲೆ ವಂಚನೆಯ ದೂರು ಕೊಡುವಾಗ ಆ ಕಾಗದವೂ ಯುಪಿಐ ವಹಿವಾಟಿನ ನಂಬರೂ ಎರಡೂ ಬೇಕಾಗುತ್ತವೆ.