ಪಿಸ್ತೂಲಿನ ಸ್ಲೈಡಿಗೆ ಎಣ್ಣೆಯೋ ಗ್ರೀಸೋ?

ಪ್ರಾಕ್ಟಿಕಲ್ ಶೂಟಿಂಗ್ (ಓಡಾಡುತ್ತಾ ಬೇಗ ಬೇಗ ಗುರಿ ಹೊಡೆಯುವ ಆಟ) ಪಂದ್ಯಕ್ಕೆ ಪಿಸ್ತೂಲಿನ ಸ್ಲೈಡ್ (ಗುಂಡು ಹಾರಿದಾಗ ಹಿಂದೆ ಮುಂದೆ ಜಾರುವ ಮೇಲ್ಭಾಗ) ಓಡುವ ರೇಲ್‌ಗಳಿಗೆ ಯಾವುದನ್ನು ಹಚ್ಚಬೇಕು ಅಂತ ಕೇಳಿದ್ದೀರಿ. ಬಾಳಿಕೆಯಲ್ಲಿ ಗ್ರೀಸ್ ಮುಂದೆ. ಹಚ್ಚಿದ ಜಾಗದಲ್ಲೇ ಕೂರುತ್ತದೆ. ಎಣ್ಣೆ ಹರಿದು ಹೋಗುತ್ತದೆ, ದಿನವಿಡೀ ಪಂದ್ಯ ಇದ್ದರೆ ನಡುವೆ ಮತ್ತೆರಡು ಹನಿ ಬೇಕಾಗಬಹುದು. ಆದರೆ ಹಾಕುವುದು ಬಲು ಸುಲಭ. ಮೊದಲು ಪಿಸ್ತೂಲ್ ಖಾಲಿ ಇದೆಯೇ ನೋಡಿಕೊಳ್ಳಿ, ಅಷ್ಟೇ.

ಚಳಿಯಲ್ಲಿ ಲೆಕ್ಕ ಬದಲಾಗುತ್ತದೆ. ಗ್ರೀಸ್ ಗಟ್ಟಿಯಾಗಿ ಸ್ಲೈಡ್ ನಿಧಾನವಾಗುತ್ತದೆ. ಕಡಿಮೆ ಶಕ್ತಿಯ ರೀಲೋಡ್ ಗುಂಡು (ಬಳಸಿದ ಕೇಸಿಗೆ ಮತ್ತೆ ಮದ್ದು ತುಂಬಿ ಮಾಡಿದ್ದು) ಬಳಸುವವರಿಗೆ ಇದು ಇನ್ನೂ ಜಾಸ್ತಿ ಕಾಡುತ್ತದೆ. ಸ್ಲೈಡ್ ಪೂರ್ತಿ ಹಿಂದೆ ಹೋಗದಿದ್ದರೆ ಖಾಲಿ ಕೇಸ್ (ಗುಂಡಿನ ಲೋಹದ ಕವಚ) ಸಿಕ್ಕಿಬೀಳುತ್ತದೆ ಅಲ್ವಾ? ಅಂಥವರಿಗೆ ಎಣ್ಣೆಯೇ ಸರಿ. ಧೂಳಿನಲ್ಲಿ ಎರಡೂ ಕೊಳೆ ಹಿಡಿಯುತ್ತವೆ, ಗ್ರೀಸಂತೂ ಹಿಡಿದದ್ದನ್ನು ಬಿಡುವುದಿಲ್ಲ. ಸೆಖೆ, ಉಕ್ಕಿನ ಪಿಸ್ತೂಲು, ನೂರಾರು ಗುಂಡಿನ ಅಭ್ಯಾಸ ಅಂದರೆ ಗ್ರೀಸ್ ಒಳ್ಳೆಯದು. ಸ್ಟ್ರೈಕರ್ (ಗುಂಡಿನ ಹಿಂಬದಿಗೆ ಬಡಿದು ಹಾರಿಸುವ ಕಡ್ಡಿ) ಓಡಾಡುವ ತೂತಿಗೆ ಮಾತ್ರ ಎರಡೂ ಬೇಡ.