ಏರಿಯಾ ಸೇಫ್ ಇತ್ತು, ಗೋಡೆ ಇರಲಿಲ್ಲ: ಪುಣೆಯ ಹಳೇ ಪೇಠಗಳಲ್ಲಿ ಮನೆ ಹುಡುಕುವವರಿಗೆ

ಹುಬ್ಬಳ್ಳಿ, ಧಾರವಾಡ, ಬೆಳಗಾವಿ ಕಡೆಯಿಂದ ಪುಣೆಗೆ ಕೆಲಸಕ್ಕೆ ಬರುವವರು ಇದನ್ನು ಸ್ವಲ್ಪ ಓದಿ. ಅದರಲ್ಲೂ ಕಸಬಾ ಪೇಠ, ಶನಿವಾರ ಪೇಠ, ನಾರಾಯಣ ಪೇಠ, ಸದಾಶಿವ ಪೇಠದ ಕಡೆ ಹಳೇ ವಾಡಾದಲ್ಲಿ (ನಡುವೆ ಅಂಗಳ ಬಿಟ್ಟು ಸುತ್ತ ಮರ, ಮಣ್ಣಿನಿಂದ ಕಟ್ಟಿದ ದೊಡ್ಡ ಮನೆ) ಮನೆ ಹಿಡಿಯುವ ಆಸೆ ಇದ್ದರೆ ಡಿಪಾಸಿಟ್ ಕೊಡುವ ಮುಂಚೆ ಓದಿ. ನಾನು ಕೊಟ್ಟ ಮೇಲೆ ಕಲಿತೆ. 50 ಸಾವಿರ ಡಿಪಾಸಿಟ್, ಬ್ರೋಕರಿಗೆ 11 ಸಾವಿರ.

2024ರ ಫೆಬ್ರವರಿಯಲ್ಲಿ ನಾವಿಬ್ಬರೂ ಇಲ್ಲಿಗೆ ಬಂದೆವು. ನನ್ನ ಆಫೀಸು ಶಿವಾಜಿನಗರದಲ್ಲಿ. ಜೊತೆ ಕೆಲಸದವರೆಲ್ಲ ವಾಕಡ್ ನೋಡು, ಖರಾಡಿ ನೋಡು, ಹೊಸ ಹೊಸ ಅಪಾರ್ಟ್‌ಮೆಂಟ್ ಇವೆ ಅಂದರು. ನನಗೆ ಹೊಸ ಕಟ್ಟಡ ಅಂದರೆ ಹೊಟ್ಟೆಯಲ್ಲಿ ಕಲಸಿದ ಹಾಗಾಗುತ್ತದೆ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಇನ್ನೂ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತರಲ್ಲ, ಆ ರಸ್ತೆಯಲ್ಲಿ ನಾನು ದಿನಾ ಓಡಾಡುತ್ತಿದ್ದೆ. ಅವತ್ತಿನಿಂದ ಹೊಸ ಪಿಲ್ಲರ್ ಕಂಡರೆ ನಂಬಿಕೆ ಬರುವುದಿಲ್ಲ. ಅಪ್ಪ ಬೇರೆ ಫೋನಿನಲ್ಲಿ, "ಹಳೇ ಮನಿ ಹಿಡಿಯೋ ತಮ್ಮಾ, ಹಳೇವು ಗಟ್ಟಿ ಇರ್ತಾವು" ಅಂದರು. ಊರಲ್ಲಿ ನಮ್ಮದೂ ಮಣ್ಣಿನ ಗೋಡೆಯ ಮನೆಯೇ. ಬೇಸಿಗೆಯಲ್ಲಿ ಫ್ಯಾನ್ ಬೇಕಾಗುವುದಿಲ್ಲ. ಆದರೆ ಆ ಮನೆಗೆ ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ಅಪ್ಪ ಮಣ್ಣು ಮೆತ್ತಿಸುತ್ತಾರೆ, ಮಾಳಿಗೆ ನೋಡಿಸುತ್ತಾರೆ. ಈ ಮಾತು ಆಗ ತಲೆಗೆ ಹೊಳೆಯಲೇ ಇಲ್ಲ.

ರೂಮು ನೋಡಲು ಹೋದದ್ದು ಶನಿವಾರವಾಡಾದ ಮುಂದಿನಿಂದಲೇ. ಅದು 1732ರಲ್ಲಿ ಮುಗಿದ ಅರಮನೆ. 1828ರ ಬೆಂಕಿಯಲ್ಲಿ ಒಳಗಿದ್ದ ಮರದ ಮಹಲುಗಳೆಲ್ಲ ಸುಟ್ಟುಹೋಗಿ ಈಗ ಹೊರಗೋಡೆ, ಬಾಗಿಲು, ಕಲ್ಲಿನ ಕಟ್ಟೆ ಇಷ್ಟೇ ಉಳಿದಿದೆ. ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡು, ಅಲ್ಲಿಂದ ಹತ್ತು ನಿಮಿಷ ನಡೆದು, ಮರದ ಮನೆಗೆ ಡಿಪಾಸಿಟ್ ಕೊಟ್ಟು ಬಂದ ಜಾಣ ನಾನು.

ವಾಡಾ ನಾರಾಯಣ ಪೇಠದಲ್ಲಿತ್ತು. ನೋಡಿದರೆ ಯಾರಿಗಾದರೂ ಮನಸ್ಸಾಗಬೇಕು. ದೊಡ್ಡ ಬಾಗಿಲು, ಅದರಲ್ಲೊಂದು ತಲೆ ಬಗ್ಗಿಸಿ ಹೋಗುವ ಕಿರುಬಾಗಿಲು. ಒಳಗೆ ನಡುವೆ ಅಂಗಳ, ಅಂಗಳದಲ್ಲಿ ತುಳಸಿಕಟ್ಟೆ, ಸುತ್ತ ಸಾಗವಾನಿ ಕಂಬಗಳು. ನಮ್ಮದು ಎರಡನೇ ಮಹಡಿಯ ಎರಡು ರೂಮು. ಏಣಿ ಅಂತಲೇ ಅನ್ನಬೇಕು ಅಷ್ಟು ನೆಟ್ಟಗಿನ ಮರದ ಮೆಟ್ಟಿಲು, ಹಿಡಿದುಕೊಳ್ಳಲು ಮೇಲಿನಿಂದ ಹಗ್ಗ ಇಳಿಬಿಟ್ಟಿದ್ದರು. ಬಾಡಿಗೆ 11 ಸಾವಿರ. ಲಕ್ಷ್ಮಿ ರೋಡು, ಅಪ್ಪಾ ಬಳವಂತ ಚೌಕ ಎಲ್ಲ ನಡೆಯುವಷ್ಟು ಹತ್ತಿರ.

ನಾನೇನೂ ಕಣ್ಣು ಮುಚ್ಚಿಕೊಂಡು ಹೋಗಲಿಲ್ಲ. ಚಹಾದವನನ್ನು ಕೇಳಿದೆ, ಮೆಡಿಕಲ್ ಅಂಗಡಿಯವರನ್ನು ಕೇಳಿದೆ, ತರಕಾರಿ ಚೀಲ ಹಿಡಿದು ಬರುತ್ತಿದ್ದ ಒಬ್ಬ ಹೆಂಗಸನ್ನೂ ನಿಲ್ಲಿಸಿ ಕೇಳಿದೆ: ಏರಿಯಾ ಹೇಗೆ, ಸೇಫಾ? ಮೂವರೂ "ಏಕದಂ ಸೇಫ್" ಅಂದರು. ಮೂವರೂ ನಿಜವನ್ನೇ ಹೇಳಿದ್ದರು. ನಾವಿದ್ದ ಐದು ತಿಂಗಳಲ್ಲಿ ಬಾಗಿಲ ಹೊರಗಿನ ಚಪ್ಪಲಿ ಕೂಡ ಕಳೆದಿಲ್ಲ. ನನ್ನ ಹೆಂಡತಿ ರಾತ್ರಿ ಹನ್ನೊಂದಕ್ಕೆ ಒಬ್ಬಳೇ ಬಂದರೂ ಗಲ್ಲಿಯ ಕಟ್ಟೆ ಮೇಲೆ ಕೂತ ಹಿರಿಯರು "ಆಲೀಸ್ ಕಾ ಬಾಳಾ" ಅಂತ, ಬಂದ್ಯಾ ಮಗಳೇ ಅಂತ, ಮಾತಾಡಿಸುತ್ತಿದ್ದರು. ಸೇಫ್ ಅಂದ ತಕ್ಷಣ ನಮಗೆ ಕಳ್ಳ, ಕುಡುಕ, ಪುಂಡ ಇವರೇ ನೆನಪಾಗುತ್ತಾರೆ. ಗೋಡೆಯ ಬಗ್ಗೆ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಕಣ್ಣಿಗೆ ಬಿದ್ದರೂ ಅರ್ಥವಾಗದ ಮೂರು ಸಂಗತಿ ಇದ್ದವು.

ಒಂದು, ಹೊರಬಾಗಿಲ ಪಕ್ಕ ಗೋಡೆಯಲ್ಲಿ ಎರಡಡಿ ಅಗಲಕ್ಕೆ ಮಾತ್ರ ಹೊಸ ಬಣ್ಣ. ಉಳಿದ ಗೋಡೆಗೆ ಬಣ್ಣ ಕಂಡು ಎಷ್ಟು ವರ್ಷವಾಗಿತ್ತೋ. "ಈಗಷ್ಟೇ ಪೇಂಟಿಂಗ್ ಶುರು ಮಾಡಿದ್ದಾರೆ" ಅಂದ ಬ್ರೋಕರ್. ಏಪ್ರಿಲ್‌ನಲ್ಲಿ ಆ ಬಣ್ಣ ಹಪ್ಪಳದ ಹಾಗೆ ಎದ್ದಿತು. ಕೆಳಗೆ ಅರ್ಧ ಹರಿದ ಕಾಗದ, ಅದರ ಮೇಲೆ ಪಾಲಿಕೆಯ ಸೀಲು. ಓದಲು ಸಿಕ್ಕಿದ್ದು ಒಂದೇ ಶಬ್ದ: ಧೋಕಾದಾಯಕ. ಮರಾಠಿಯಲ್ಲಿ ಧೋಕಾ ಅಂದರೆ ಅಪಾಯ. ನಮ್ಮ ಕಡೆ ಧೋಕಾ ಅಂದರೆ ಮೋಸ. ಮುಂದೆ ನನಗೆ ಎರಡೂ ಆಯ್ತು, ಬಿಡಿ.

ಎರಡನೆಯದು ಮೆಟ್ಟಿಲ ಕೆಳಗಿನ ಮೀಟರ್ ಬೋರ್ಡು. ಅಷ್ಟೂ ಮನೆಗಳ ಕರೆಂಟ್ ಮೀಟರು ಆ ಒಣ ಮರದ ಮೆಟ್ಟಿಲಿನ ಹೊಟ್ಟೆಯಲ್ಲಿ. ವೈರು ಬಟ್ಟೆ ಸುತ್ತಿದ ಕಾಲದ್ದು. ಇಳಿಯಲು ಬೇರೆ ದಾರಿ ಇಲ್ಲ.

ಮೂರನೆಯದು ಆಜಿಯ ಕಾಗದ. ನೆಲಮಹಡಿಯಲ್ಲಿ ಎಂಬತ್ತು ದಾಟಿದ ಒಬ್ಬ ಆಜಿ ಇದ್ದರು. ಅವರ ಅಡುಗೆಮನೆಯ ಗೋಡೆಯಲ್ಲಿ ಒಂದು ಬಿರುಕು, ಅದಕ್ಕೆ ಅಡ್ಡಲಾಗಿ ಕಾಲನಿರ್ಣಯ ಕ್ಯಾಲೆಂಡರಿನ ಹಾಳೆ ಕತ್ತರಿಸಿ ಮೈದಾ ಅಂಟಿನಲ್ಲಿ ಪಟ್ಟಿ ಅಂಟಿಸಿದ್ದರು. ಒಂದಲ್ಲ, ಐದಾರು. ಮೇಲಿನವು ನಡುವೆ ಹರಿದಿದ್ದವು, ಕೆಳಗಿನದು ಒಂದು ಗಟ್ಟಿಯಾಗಿತ್ತು. ಮಗು ಬಿಡಿಸಿದ ಚಿತ್ರವೋ ಏನೋ ಅಂದುಕೊಂಡಿದ್ದೆ. ಒಂದು ದಿನ ಕೇಳಿದರೆ, ಬಿರುಕು ಬೆಳೆದರೆ ಕಾಗದ ಹರಿಯುತ್ತದೆ, ಹರಿದಾಗ ಹೊಸದು ಅಂಟಿಸಿ ತಾರೀಕು ನೋಡುತ್ತೇನೆ ಅಂದರು. ಕ್ಯಾಲೆಂಡರಿನ ಹಾಳೆಯೇ ಯಾಕೆ ಅಂದರೆ ಅದರಲ್ಲೇ ತಿಂಗಳು ಇರುತ್ತಲ್ಲ, ಬರೆದಿಡುವ ಕೆಲಸ ಇಲ್ಲ. ಕೊನೆಯ ಪಟ್ಟಿ ಜೂನ್ ತಿಂಗಳದು. ಜುಲೈ ಮೊದಲ ವಾರದಲ್ಲಿ ಅದೂ ಹರಿಯಿತು. ಆಜಿ ಅದೇ ದಿನ ಮಂಚವನ್ನು ಅಂಗಳದ ಕಡೆಗೆ ಎಳೆಸಿಕೊಂಡರು. ನಾವು ಮೇಲೆ ಆರಾಮಾಗಿ ಮಲಗಿದ್ದೆವು.

ಈ ಆಜಿ 1961ರ ಜುಲೈ 12ರ ನೆರೆ ಕಂಡವರು. ಪಾನಶೇತ್ ಅಣೆಕಟ್ಟು ಒಡೆದು ಮುಠಾ ನದಿ ನಾರಾಯಣ ಪೇಠ, ಶನಿವಾರ ಪೇಠದೊಳಕ್ಕೆ ನುಗ್ಗಿದ ದಿನ. ನೀರು ಎಲ್ಲಿವರೆಗೆ ಬಂದಿತ್ತು ಅಂತ ಕೋಲೆತ್ತಿ ತೋರಿಸಿದರು. ನನ್ನ ತಲೆಗಿಂತ ಎಷ್ಟೋ ಮೇಲೆ. ಅಷ್ಟು ನೆನೆದ ಮಣ್ಣಿನ ಗೋಡೆ ಅದು.

2024ರ ಜುಲೈ 24ರ ರಾತ್ರಿ ಮಳೆ ನಿಲ್ಲಲೇ ಇಲ್ಲ. ಕರೆಂಟ್ ಹೋಗಿತ್ತು. ಮೂರು ಗಂಟೆ ಇರಬೇಕು, ಗಾಡಿಯಿಂದ ಮರಳು ಸುರಿದ ಹಾಗೆ ಸದ್ದು. ಮೊದಲು ಮೆಲ್ಲಗೆ, ಆಮೇಲೆ ಒಮ್ಮೆಲೇ. ಕೆಳಗಿನಿಂದ ಆಜಿ "ಖಾಲೀ ಯಾ, ಖಾಲೀ ಯಾ" ಅಂತ ಕೂಗಿದರು. ಕೆಳಗೆ ಬನ್ನಿ ಅಂತ. ನನ್ನ ಹೆಂಡತಿಗೆ ಮರಾಠಿ ಅಷ್ಟಕ್ಕಷ್ಟೆ. ಮನೆ ಖಾಲಿ ಮಾಡಿ ಅನ್ನುತ್ತಿದ್ದಾರೆ ಅಂದುಕೊಂಡು ಆ ಕತ್ತಲಲ್ಲಿ ಸೂಟ್‌ಕೇಸ್ ಎಳೆಯಲು ಶುರು ಮಾಡಿದಳು. ಕೈ ಹಿಡಿದು ಎಳೆದುಕೊಂಡು ಹಗ್ಗ ಹಿಡಿದು ಇಳಿದೆವು. ಅಗ್ನಿಶಾಮಕದ ಗಾಡಿ ಬಂತು, ಆದರೆ ಗಲ್ಲಿಯೊಳಗೆ ಹಿಡಿಸಲಿಲ್ಲ. ಮೂಲೆಯಲ್ಲಿ ನಿಲ್ಲಿಸಿ ಅವರು ಟಾರ್ಚು ಹಿಡಿದು ನಡೆದು ಬಂದರು. ಬಚ್ಚಲಿನ ಕಡೆಯ ಗೋಡೆ, ಹತ್ತಡಿಯಷ್ಟು, ಹಿಂದಿನ ಗಲ್ಲಿಗೆ ಬಿದ್ದಿತ್ತು. ಮಲಗುವ ರೂಮಿನ ಗೋಡೆ ಉಳಿದಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಬೆಳಿಗ್ಗೆ ಎಲ್ಲರ ಫೋನಿನಲ್ಲೂ ಸಿಂಹಗಡ ರಸ್ತೆಯ ಸೊಸೈಟಿಗಳಿಗೆ ನೀರು ನುಗ್ಗಿದ ವಿಡಿಯೋ. ಖಡಕವಾಸಲಾ ಅಣೆಕಟ್ಟಿನಿಂದ 35 ಸಾವಿರ ಕ್ಯೂಸೆಕ್ ನೀರು ಬಿಟ್ಟಿದ್ದರಂತೆ, ಮುಠಾ ನದಿಯ ಭಿಡೆ ಸೇತುವೆ ಮುಳುಗಿತ್ತು. ನಮ್ಮ ಹತ್ತಡಿ ಗೋಡೆ ಯಾವ ಲೆಕ್ಕ.

ಅವತ್ತು ಬಂದ ಪಾಲಿಕೆಯ ಇಂಜಿನಿಯರ್ ಕೇಳಿದ ಮೊದಲ ಪ್ರಶ್ನೆ, "ನೀವು ಯಾರು?" ಬಾಡಿಗೆದಾರ ಅಂದೆ. ಅವರ ಪಟ್ಟಿಯಲ್ಲಿ ನಮ್ಮ ಹೆಸರಿಲ್ಲ. ನಾನು ತಿಂಗಳು ತಿಂಗಳು ದುಡ್ಡು ಕೊಡುತ್ತಿದ್ದ ಕಾಕಾರ ಹೆಸರಿದೆ, ಆದರೆ ಅವರೂ ಬಾಡಿಗೆದಾರರು! ಮಾಲೀಕರು ಬೇರೆ, ಬೇರೆ ಊರಿನಲ್ಲಿದ್ದಾರೆ. ಕಾಕಾರ ಅಪ್ಪ ಎಂದೋ ಪಗಡಿ (ಬಾಡಿಗೆಗೆ ಸೇರುವಾಗ ಒಮ್ಮೆಲೇ ಕೊಡುವ ದೊಡ್ಡ ಮೊತ್ತ) ಕೊಟ್ಟು ಸೇರಿಕೊಂಡ ಮನೆ. ಇವತ್ತಿಗೂ ಮಾಲೀಕರಿಗೆ ಅವರು ಕಟ್ಟುವುದು ತಿಂಗಳಿಗೆ ನೂರರ ಒಳಗೆ. ನನ್ನಿಂದ ತೆಗೆದುಕೊಳ್ಳುತ್ತಿದ್ದದ್ದು 11 ಸಾವಿರ.

ಇಲ್ಲಿನ ಲೆಕ್ಕ ಅರ್ಥವಾಗಲು ನನಗೆ ಒಂದು ತಿಂಗಳು ಹಿಡಿಯಿತು, ನಿಮಗೆ ಎರಡು ನಿಮಿಷದಲ್ಲಿ ಹೇಳುತ್ತೇನೆ. ಹಳೇ ಬಾಡಿಗೆಗೆ ಬಾಡಿಗೆ ನಿಯಂತ್ರಣ ಕಾನೂನಿನ ರಕ್ಷಣೆ ಇದೆ. 1999ರ ಮಹಾರಾಷ್ಟ್ರ ಕಾನೂನಿನಲ್ಲಿ ವರ್ಷಕ್ಕೆ 4 ಶೇಕಡಾ ಏರಿಸಬಹುದು. ನೂರು ರೂಪಾಯಿಗೆ ನಾಲ್ಕು ರೂಪಾಯಿ. ಆ ದುಡ್ಡಿನಲ್ಲಿ ಮಾಲೀಕ ಹೆಂಚು ಕೂಡ ಬದಲಿಸಲಾರ. ವಾಡಾ ತಾನಾಗಿ ಬೀಳಲಿ ಅಂತ ಅವನು ಕಾಯುತ್ತಾನೆ. ಬಾಡಿಗೆದಾರರು ಬಿಟ್ಟು ಹೋಗುವುದಿಲ್ಲ, ಯಾಕಂದರೆ ಹೊಸ ಕಟ್ಟಡ ಎದ್ದಾಗ ಅವರಿಗೂ ಜಾಗ ಬೇಕು. ಪಾಲಿಕೆ ಮಳೆಗಾಲಕ್ಕೆ ಮುಂಚೆ ಕಟ್ಟಡ ಅಪಾಯದಲ್ಲಿದೆ ಅಂತ ಪಾಲಿಕೆ ಕಾನೂನಿನ 264ನೇ ಕಲಮಿನ ನೋಟಿಸ್ ಅಂಟಿಸುತ್ತದೆ. ಅದನ್ನು ಯಾರೋ ಕೆರೆದು ಬಣ್ಣ ಹಚ್ಚುತ್ತಾರೆ.

ಸರಿ, ಕಾಕಾ ಸ್ವಂತ ಫ್ಲಾಟಿನಲ್ಲಿ ಕೋಥ್ರೂಡ್‌ನಲ್ಲಿದ್ದರು, ಈ ರೂಮಿಗೆ ಬೀಗ ಹಾಕಿಡಬಹುದಿತ್ತಲ್ಲ? ಆಗುವುದಿಲ್ಲ. ಆರು ತಿಂಗಳು ಕಾರಣವಿಲ್ಲದೆ ಬಳಸದೆ ಬಿಟ್ಟರೆ ಅದೇ ಕಾನೂನಿನಲ್ಲಿ ಮಾಲೀಕ ಬಿಡಿಸಿಕೊಳ್ಳಲು ಕೇಸ್ ಹಾಕಬಹುದು. ಮಾಲೀಕನ ಒಪ್ಪಿಗೆ ಇಲ್ಲದೆ ಮತ್ತೊಬ್ಬರಿಗೆ ಬಾಡಿಗೆ ಕೊಟ್ಟರೂ ಹಾಕಬಹುದು, ಆದರೆ ಅದು ಗೊತ್ತಾದರೆ ತಾನೇ. ಹೊಲದಲ್ಲಿ ಬೆದರುಬೊಂಬೆ ನಿಲ್ಲಿಸಿದ ಹಾಗೆ ದೀಪ ಹಚ್ಚಿ, ಬಟ್ಟೆ ಒಣಗಿಸಲು ನಮ್ಮನ್ನು ನಿಲ್ಲಿಸಿದ್ದರು. ಬೆದರುಬೊಂಬೆ ಬಾಡಿಗೆ ಕೊಡುವುದಿಲ್ಲ, ಅಷ್ಟೇ ವ್ಯತ್ಯಾಸ.

ನಾನು ಮೋಸ ಹೋದದ್ದು ಲೈಟ್ ಬಿಲ್ಲಿನಿಂದ. ಬಿಲ್ಲಿನಲ್ಲಿ ಕಾಕಾರ ಹೆಸರೇ ಇತ್ತು, ಹಾಗಾಗಿ ಮನೆ ಅವರದೇ ಅಂದುಕೊಂಡೆ. ಹಳೇ ಬಾಡಿಗೆದಾರರ ಹೆಸರಿನಲ್ಲೂ ಮೀಟರು ಇರುತ್ತದೆ, ಅದರಿಂದ ಏನೂ ಗೊತ್ತಾಗುವುದಿಲ್ಲ. ಕೇಳಬೇಕಾದ್ದು ಸಿಟಿ ಸರ್ವೆಯ ಪ್ರಾಪರ್ಟಿ ಕಾರ್ಡು, ಅಂದರೆ ಜಾಗ ಯಾರದು ಅಂತ ಹೇಳುವ ಸರ್ಕಾರಿ ದಾಖಲೆ. ಜೊತೆಗೆ ಆಸ್ತಿ ತೆರಿಗೆ ಬಿಲ್. ಎರಡರಲ್ಲೂ ಮಾಲೀಕನ ಹೆಸರು ಯಾವುದು ನೋಡಿ, ಆ ಹೆಸರಿನವರೇ ಸಹಿ ಮಾಡಲಿ. ಇಷ್ಟು ಕೇಳಿದ್ದಕ್ಕೆ ಬ್ರೋಕರ್ ಮುಖ ಸಿಂಡರಿಸಿದರೆ ಅಲ್ಲಿಂದಲೇ ವಾಪಸ್ ಬನ್ನಿ.

ಇನ್ನು ಅಗ್ರಿಮೆಂಟ್. ಕಾಕಾ 100 ರೂಪಾಯಿ ಸ್ಟ್ಯಾಂಪ್ ಪೇಪರಿನಲ್ಲಿ ಬರೆಸಿ ನೋಟರಿ ಮಾಡಿಸಿದ್ದರು. "ರಿಜಿಸ್ಟರ್ ಸುಮ್ನೆ ಖರ್ಚು" ಅಂದರು. ಇಲ್ಲಿ ಲೀವ್ ಅಂಡ್ ಲೈಸೆನ್ಸ್ ಕರಾರು (ಇಂತಿಷ್ಟು ತಿಂಗಳಿಗೆ ಮನೆ ಬಳಸಲು ಕೊಡುವ ಒಪ್ಪಂದ) ಬರಹದಲ್ಲೂ ಇರಬೇಕು, ನೋಂದಣಿಯೂ ಆಗಬೇಕು, ಅದರ ಜವಾಬ್ದಾರಿ ಮಾಲೀಕನದು. ಅದೇ ಬಾಡಿಗೆ ಕಾನೂನಿನ 55ನೇ ಕಲಮು. ನಮ್ಮ ಕಡೆಯ ಹನ್ನೊಂದು ತಿಂಗಳ ನೋಟರಿ ಅಗ್ರಿಮೆಂಟಿನ ರೂಢಿ ಇಲ್ಲಿ ತರಬೇಡಿ. ಕಾಕಾ ಯಾಕೆ ರಿಜಿಸ್ಟರ್ ಬೇಡ ಅಂದರು ಅಂತ ಈಗ ಗೊತ್ತಾಗುತ್ತದೆ ಅಲ್ವಾ? ಮಾಡಿಸಿದ್ದರೆ ಸರ್ಕಾರಿ ದಾಖಲೆಯಲ್ಲಿ ಸಿಕ್ಕಿಬೀಳುತ್ತಿದ್ದರು.

ಕಟ್ಟಡ ನೋಡುವಾಗ ಒಂದು ಕೆಲಸ ಮಾಡಿ. ಕಂಬದ ಬುಡವನ್ನು ಬೆರಳ ಗಂಟಿನಿಂದ ತಟ್ಟಿ, ಕಲ್ಲಿಗೆ ತಾಗುವ ಜಾಗದಲ್ಲಿ. ಗಟ್ಟಿ ಮರ ಟಕ್ ಅನ್ನುತ್ತದೆ. ನಮ್ಮ ಕಂಬ ಡಬ್ ಅನ್ನುತ್ತಿತ್ತು. ಒಳಗೆ ಗೆದ್ದಲು ತಿಂದು ಮೇಲಿನ ತೊಗಟೆಯಂಥ ಬಣ್ಣ ಮಾತ್ರ ಉಳಿದಿತ್ತು. ಬೇಸಿಗೆಯಲ್ಲಿ ಮನೆ ನೋಡಿದವರು ಮಳೆ ಬಂದ ಮೇಲೆ ಇನ್ನೊಮ್ಮೆ ನೋಡಿ ಅಂತಲೂ ಹೇಳುತ್ತಿದ್ದೆ, ಆದರೆ ಅಷ್ಟು ದಿನ ಯಾರು ಕಾಯುತ್ತಾರೆ. ಹೋಗಲಿ, ನೆಲಮಹಡಿಯ ಹಿರಿಯರನ್ನು ಮಾತಾಡಿಸಿ. ಚಹಾದವನಿಗೆ ಗಲ್ಲಿ ಗೊತ್ತು, ಗೋಡೆ ಗೊತ್ತಿರುವುದು ಅವರಿಗೆ.

ಇಷ್ಟಾದರೂ ನಾವು ಪೇಠ ಬಿಟ್ಟಿಲ್ಲ. ಈಗ ಸದಾಶಿವ ಪೇಠದಲ್ಲಿ, ವಾಡಾ ಕೆಡವಿ ಕಟ್ಟಿದ ನಾಲ್ಕಂತಸ್ತಿನ ಹಳೇ ಕಾಂಕ್ರೀಟ್ ಕಟ್ಟಡದಲ್ಲಿದ್ದೇವೆ. ಬಾಡಿಗೆ ಜಾಸ್ತಿ, ನೋಡಲು ಬೆಂಕಿಪೊಟ್ಟಣ. ಪಿಲ್ಲರ್ ಇದೆ, ನಾನು ಅದನ್ನೂ ತಟ್ಟಿ ನೋಡಿದ್ದೇನೆ. ಗಣಪತಿ ಬಿಡುವ ದಿನ ಮೆರವಣಿಗೆ ಮರುದಿನದವರೆಗೂ ನಡೆಯುತ್ತದೆ, ಡಿಜೆ ಸದ್ದಿಗೆ ಕಿಟಕಿ ಗಾಜು ಝುಂ ಅನ್ನುತ್ತದೆ. ಲಕ್ಷ್ಮಿ ರೋಡು, ತಿಲಕ ರೋಡು, ಕೇಳಕರ ರೋಡು, ಕುಮಠೇಕರ ರೋಡು ಎಲ್ಲ ಬಂದ್. ಮನೆಯಲ್ಲಿ ಕಾಯಿಲೆಯವರು, ಬಾಣಂತಿ ಇದ್ದರೆ ಮೊದಲೇ ಏರ್ಪಾಡು ಮಾಡಿಕೊಳ್ಳಿ.

ಆಜಿಯನ್ನು ಮಗಳು ಕರೆದುಕೊಂಡು ಹೋದರು. ವಾಡಾಕ್ಕೆ ಈಗ ತಗಡಿನ ಬೇಲಿ.

ಡಿಪಾಸಿಟ್ ವಿಷಯ. ನೋಟರಿ ಕಾಗದ ಹಿಡಿದು ವಕೀಲರ ಹತ್ತಿರ ಹೋದೆ, ಅವರ ಫೀಸು ಕೇಳಿ ಎದ್ದು ಬಂದೆ. ಕಾಕಾ ಕೆಟ್ಟವರೇನೂ ಅಲ್ಲ, ಫೋನ್ ಎತ್ತುತ್ತಾರೆ, ಊರಿನ ಮಳೆ ಬೆಳೆ ವಿಚಾರಿಸುತ್ತಾರೆ. ಮೂರು ಕಂತಿನಲ್ಲಿ 20 ಸಾವಿರ ಕೊಟ್ಟಿದ್ದಾರೆ. ಉಳಿದ 30 ಸಾವಿರ ಗಣಪತಿ ಆದಮೇಲೆ ಅಂದಿದ್ದಾರೆ. ಯಾವ ವರ್ಷದ ಗಣಪತಿ ಅಂತ ನಾನು ಕೇಳಿರಲಿಲ್ಲ.